ಕೆಂಪು ಎಡಕ್ಕೆ, ಹಸಿರು ಬಲಕ್ಕೆ

ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಪಾಠ ಹೇಳುವವನಿಗೆ ಮನೆಯಲ್ಲಿ ಒಂದು ಸೌಕರ್ಯವುಂಟು. ಅವನಿಂದ ಯಾರೂ ಯಾವ ಉಪಯುಕ್ತ ಕೆಲಸವನ್ನೂ ನಿರೀಕ್ಷಿಸುವುದಿಲ್ಲ. ಫ್ಯೂಸು ಹೋದರೆ ನೆರೆಮನೆಯವರನ್ನು ಕೂಗುತ್ತಾರೆ. ನಲ್ಲಿ ಸೋರಿದರೆ ಪೇಟೆಗೆ ಹೇಳಿ ಕಳುಹಿಸುತ್ತಾರೆ. ನನ್ನನ್ನು ಕರೆಯುವುದು ಮದುವೆಯ ಆಮಂತ್ರಣ ಪತ್ರಿಕೆಯ ಕರಡು ತಿದ್ದುವುದಕ್ಕೆ ಮಾತ್ರ. ಈ ಗೌರವವನ್ನು ನಾನು ಬಹುಕಾಲ ನೆಮ್ಮದಿಯಿಂದ ಅನುಭವಿಸುತ್ತಿದ್ದೆ. ಕಳೆದ ಆಟಿ ತಿಂಗಳಿನಲ್ಲಿ ಅದಕ್ಕೆ ಭಂಗ ಬಂತು. ತಂದವನು ಅಕ್ಕನ ಮಗ, ಏಳನೆಯ ತರಗತಿಯ ಪುಟ್ಟ.

ಬನ್ನಂಜೆಯ ನಮ್ಮ ಮನೆಯಲ್ಲಿರುವುದು ಅಮ್ಮ, ಅಕ್ಕ, ಪುಟ್ಟ ಮತ್ತು ನಾನು. ಭಾವ ಕುವೈತಿನಲ್ಲಿದ್ದಾರೆ. ಎರಡು ವರ್ಷಕ್ಕೊಮ್ಮೆ ರಜೆ. ಉಡುಪಿಯ ಸುತ್ತುಮುತ್ತಲಿನ ಮನೆಗಳಲ್ಲಿ ಇದೇನೂ ಹೊಸ ಸಂಗತಿಯಲ್ಲ. ಒಂದು ಕಾಲಕ್ಕೆ ನಮ್ಮವರು ಮುಂಬಯಿಯ ಹೋಟೆಲುಗಳಿಗೆ ಹೋದರು, ಆಮೇಲೆ ಕೊಲ್ಲಿಯ ನಾಡುಗಳಿಗೆ ಹೋದರು. ಭಾವ ಪರಿಚಿತರೊಬ್ಬರ ಕೈಯಲ್ಲಿ ಮಗನಿಗಾಗಿ ಒಂದು ಪೆಟ್ಟಿಗೆ ಕಳುಹಿಸಿದ್ದರು. ಒಳಗೆ ಬೋಯಿಂಗ್ ೭೩೭-೮೦೦ ವಿಮಾನದ ಬಿಡಿಭಾಗಗಳು, ಬಿಳಿಯ ಪ್ಲಾಸ್ಟಿಕ್ಕಿನವು. ೧೪೪ರಲ್ಲಿ ಒಂದು ಪಾಲಿನ ಪ್ರಮಾಣ. ನಿಜವಾದ ವಿಮಾನದ ಉದ್ದ ಮೂವತ್ತೊಂಬತ್ತೂವರೆ ಮೀಟರು; ನಮ್ಮದು ಇಪ್ಪತ್ತೇಳು ಸೆಂಟಿಮೀಟರು ಚಿಲ್ಲರೆ.

ಪುಟ್ಟ ಭಾಗಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದ. ಬಳಿಕ ನನ್ನ ಕೋಣೆಗೆ ಬಂದು ಕೇಳಿದ: “ಮಾವ, ಇದಕ್ಕೆ ದೀಪವೇ ಇಲ್ಲ. ಅಪ್ಪನ ವಿಮಾನ ಬರುವುದು ರಾತ್ರಿ ಅಲ್ವಾ? ದೀಪ ಇಲ್ಲದೆ ಬರುವುದು ಹೇಗೆ?”

ಆಟದ ವಿಮಾನವೆಂದೆ. ಅವನು ಒಪ್ಪಲಿಲ್ಲ. ದೀಪಾವಳಿಗೆ ಅಪ್ಪ ಬರುತ್ತಾರೆ, ಅಷ್ಟರಲ್ಲಿ ದೀಪ ಉರಿಯಬೇಕು ಎಂದ. ಯಾರು ಹಾಕುವುದು ಎಂದು ಕೇಳಿದೆ. ಅವನು ನನ್ನನ್ನೇ ನೋಡಿದ. ಅಳಿಯಸಂತಾನದ ನಾಡಿನಲ್ಲಿ ಸೋದರಮಾವನೆಂದರೆ ಬರಿಯ ನೆಂಟಸ್ತಿಕೆಯಲ್ಲ, ಒಂದು ಹುದ್ದೆ. ಅದಕ್ಕೆ ರಾಜೀನಾಮೆ ಕೊಡುವಂತಿಲ್ಲ. ನಾನು ಒಪ್ಪಿಕೊಂಡೆ.

ಒಪ್ಪಿಕೊಂಡ ಮೇಲೆ ಗುರುವನ್ನು ಹುಡುಕಬೇಕಷ್ಟೆ. ಮಲ್ಪೆಯ ಬಂದರಿನಲ್ಲಿ ದೋಣಿಗಳಿಗೆ ವಿದ್ಯುತ್ತಿನ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ. ಅವರ ಮಗಳು ನನ್ನ ವಿದ್ಯಾರ್ಥಿನಿಯಾಗಿದ್ದವಳು. ಮನೆಯಿಂದ ಐದಾರು ಕಿಲೋಮೀಟರು. ಜುಲೈ ತಿಂಗಳ ಕೊನೆಯ ವಾರ ಪುಟ್ಟನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು, ಇಬ್ಬರೂ ಮಳೆಯಂಗಿ ತೊಟ್ಟು ಹೋದೆವು. ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನೂರಾರು ದೋಣಿಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ಮಳೆಯಲ್ಲಿ ನೆನೆಯುತ್ತ ನಿಂತಿದ್ದವು. ನಮ್ಮ ಗುರುಗಳು ಒಂದು ದೋಣಿಯ ಚಾವಣಿಯ ಮೇಲೆ ಪ್ಲಾಸ್ಟಿಕ್ ಹಾಳೆಯ ಮರೆಯಲ್ಲಿ ಕುಳಿತು ದೀಪ ಬದಲಿಸುತ್ತಿದ್ದರು.

ನಮ್ಮ ಅಹವಾಲು ಕೇಳಿ ಅವರು ನಗಲಿಲ್ಲ. ಪುಟ್ಟನನ್ನು ಮೇಲಕ್ಕೆ ಹತ್ತಿಸಿಕೊಂಡು ಎರಡು ದೀಪಗಳನ್ನು ತೋರಿಸಿದರು. ಎಡಗಡೆಯದು ಕೆಂಪು, ಬಲಗಡೆಯದು ಹಸಿರು.

“ವಿಮಾನಕ್ಕೂ ಇದೇ ಲೆಕ್ಕ. ನಿನ್ನ ವಿಮಾನ ಇದನ್ನು ನಮ್ಮಿಂದ ಕಲಿತದ್ದು, ಗೊತ್ತುಂಟಾ?”

ನಾನು ನಡುವೆ ಬಾಯಿ ಹಾಕಿ, ಇಷ್ಟು ಸಣ್ಣ ದೀಪದಲ್ಲಿ ರಾತ್ರಿ ಕಡಲಿನ ದಾರಿ ಕಾಣುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಮಾಸ್ಟ್ರೇ, ಇದು ನಮಗೆ ದಾರಿ ಕಾಣ್ಲಿಕ್ಕೆ ಅಲ್ಲ. ಬೇರೆಯವರಿಗೆ ನಾವು ಕಾಣ್ಲಿಕ್ಕೆ.”

ಇಷ್ಟು ವರ್ಷ ದೀಪವನ್ನು ಕುರಿತು ಎಷ್ಟೋ ಕವಿತೆಗಳನ್ನು ಪಾಠ ಮಾಡಿದ್ದೇನೆ. ಅಜ್ಞಾನದ ಕತ್ತಲೆ, ಜ್ಞಾನದ ಬೆಳಕು ಎಂದು ಕಪ್ಪುಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ನೋಡುವುದಕ್ಕಾಗಿ ಅಲ್ಲದೆ ಕಾಣಿಸಿಕೊಳ್ಳುವುದಕ್ಕಾಗಿ ಹೊತ್ತಿಸುವ ದೀಪವೊಂದು ಉಂಟೆಂದು ನನಗೆ ಹೊಳೆದಿರಲಿಲ್ಲ.

ಗುರುಗಳು ವಿವರಿಸಿದರು. ಕತ್ತಲೆಯಲ್ಲಿ ಎದುರಿನ ದೋಣಿಯ ಆಕಾರ ಕಾಣುವುದಿಲ್ಲ; ಅದರ ದೀಪಗಳನ್ನು ಓದಬೇಕು. ಕೆಂಪು ಮಾತ್ರ ಕಂಡರೆ ಅದರ ಎಡಮಗ್ಗುಲು ನಮ್ಮ ಕಡೆಗಿದೆ. ಅಡ್ಡ ಹಾಯುತ್ತಿರುವ ಅದಕ್ಕೆ ನಾವು ದಾರಿ ಬಿಡಬೇಕು. ಹಸಿರು ಮಾತ್ರ ಕಂಡರೆ ಅದರ ಬಲಮಗ್ಗುಲು, ದಾರಿ ನಮ್ಮದು. ಬಿಳಿಯದೊಂದೇ ಕಂಡರೆ ಅದು ಹಿಂಬದಿ, ನಮ್ಮಿಂದ ದೂರ ಹೋಗುತ್ತಿದೆ. ಕೆಂಪು ಹಸಿರು ಎರಡೂ ಒಟ್ಟಿಗೆ ಕಂಡರೆ?

“ನಮ್ಮ ಕಡೆಗೇ ಬರುತ್ತಾ ಉಂಟು,” ಎಂದ ಪುಟ್ಟ.

“ಹಾಂ. ಇವನಿಗೆ ದೋಣಿ ಕೊಡ್ಬಹುದು,” ಎಂದು ಗುರುಗಳು ಅವನ ಬೆನ್ನು ತಟ್ಟಿದರು. ನನಗೆ ದೋಣಿ ಕೊಡುವ ಮಾತು ಬರಲಿಲ್ಲ.

ಆಮೇಲೆ ನಾನು ಓದಿ ತಿಳಿದುಕೊಂಡೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಉಗಿಹಡಗುಗಳು ಹೆಚ್ಚಿ ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದಾಗ ಇಂಗ್ಲೆಂಡಿನಲ್ಲಿ ಈ ಕೆಂಪು-ಹಸಿರಿನ ನಿಯಮ ಬಂತು. ವಿಮಾನಗಳು ಅದನ್ನು ಹಾಗೆಯೇ ಎತ್ತಿಕೊಂಡವು. ಎಡರೆಕ್ಕೆಯ ಕೆಂಪು ದೀಪ ಮೂಗಿನ ನೇರದಿಂದ ಎಡಕ್ಕೆ ೧೧೦ ಡಿಗ್ರಿ ಮಾತ್ರ ಕಾಣಬೇಕು. ಬಲರೆಕ್ಕೆಯ ಹಸಿರು ಬಲಕ್ಕೆ ೧೧೦ ಡಿಗ್ರಿ. ಉಳಿದ ೧೪೦ ಡಿಗ್ರಿ ಬಾಲದ ಬಿಳಿಯ ದೀಪದ ಪಾಲು. ಕೂಡಿದರೆ ಪೂರ್ಣ ವೃತ್ತ. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ. ಇವಲ್ಲದೆ ಬೆನ್ನಿನ ಮೇಲೂ ಹೊಟ್ಟೆಯ ಕೆಳಗೂ ಮಿನುಗುವ ಕೆಂಪು ದೀಪಗಳು, ನಿಮಿಷಕ್ಕೆ ೪೦ರಿಂದ ೧೦೦ ಬಾರಿ. ಇಳಿಯುವ ಹೊತ್ತಿಗೆ ಹೊತ್ತಿಸುವ ದೊಡ್ಡ ದೀಪಗಳ ಮಾತು ಬೇರೆ. ಅವು ನೆಲವನ್ನು ತೋರಿಸುತ್ತವೆ. ಇವೆಲ್ಲವೂ “ನಾನು ಇಲ್ಲಿದ್ದೇನೆ, ಹೀಗೆ ಹೋಗುತ್ತಿದ್ದೇನೆ” ಎಂದು ಹೇಳುವುದಕ್ಕೆ.

ಗುರುಗಳು ಕೊಟ್ಟ ಸಾಮಗ್ರಿಯನ್ನು ಪೊಟ್ಟಣ ಕಟ್ಟಿಕೊಂಡು ಬಂದೆವು. ಅಕ್ಕಿಕಾಳಿಗಿಂತಲೂ ಸಣ್ಣ ಎಲ್‌ಇಡಿ ದೀಪಗಳು, ಮೋಟಾರಿಗೆ ಸುತ್ತುವ ಕೂದಲೆಳೆಯಂಥ ತಾಮ್ರದ ವೈಂಡಿಂಗ್ ತಂತಿ, ಸೋಲ್ಡರಿಂಗ್ ಐರನ್, ಮತ್ತು ಬಣ್ಣದ ಪಟ್ಟೆಗಳ ರೆಸಿಸ್ಟರುಗಳು. ಒಂಬತ್ತು ವೋಲ್ಟಿನ ಬ್ಯಾಟರಿ ವಿಮಾನದ ಹೊಟ್ಟೆಗೆ ಹಿಡಿಯುವಂತಿರಲಿಲ್ಲ. ಆದುದರಿಂದ ಹಲಸಿನ ಮರದ ಒಂದು ಪೀಠ ಮಾಡಿಸಿ, ಬ್ಯಾಟರಿಯನ್ನು ಅದರೊಳಗೆ ಅಡಗಿಸಿ, ತಂತಿಗಳನ್ನು ಹಿತ್ತಾಳೆಯ ಕೊಳವೆಯೊಂದರ ಮೂಲಕ ಮೇಲಕ್ಕೆ ಕೊಂಡೊಯ್ಯುವುದೆಂದು ತೀರ್ಮಾನವಾಯಿತು.

ಲೆಕ್ಕ ಸುಲಭವಾದುದೇ. ಬ್ಯಾಟರಿಯ ೯ ವೋಲ್ಟಿನಲ್ಲಿ ಕೆಂಪು ಎಲ್‌ಇಡಿಗೆ ಬೇಕಾದದ್ದು ಸುಮಾರು ೨. ಮಿಕ್ಕ ೭ ವೋಲ್ಟನ್ನು ರೆಸಿಸ್ಟರು ತಾಳಿಕೊಳ್ಳಬೇಕು. ಐದು ಮಿಲಿಆಂಪಿಯರ್ ಮಾತ್ರ ಹರಿಯಬೇಕಾದರೆ ೭ನ್ನು ೦.೦೦೫ರಿಂದ ಭಾಗಿಸಬೇಕು: ೧೪೦೦ ಓಮ್. ಅಂಗಡಿಯಲ್ಲಿ ಸಿಗುವುದು ೧೫೦೦. ಹಸಿರಿಗೆ ೩ ವೋಲ್ಟು ಬೇಕು. ಅದರ ರೆಸಿಸ್ಟರು ೧೨೦೦. ರೆಸಿಸ್ಟರಿನ ಮೇಲೆ ಅಂಕಿ ಬರೆದಿರುವುದಿಲ್ಲ, ಬಣ್ಣಗಳಿರುತ್ತವೆ. ಕಂದು ಎಂದರೆ ೧, ಹಸಿರು ೫, ಮೂರನೆಯ ಪಟ್ಟೆ ಕೆಂಪಾದರೆ ಮುಂದೆ ಎರಡು ಸೊನ್ನೆ: ೧೫೦೦. ಇಲ್ಲಿ ಮಾತ್ರ ನನ್ನ ಎಂ.ಎ. ಕೆಲಸಕ್ಕೆ ಬಂತು. ನಮ್ಮ ಹಳೆಯ ಶಾಸನಗಳಲ್ಲಿಯೂ ಕಾವ್ಯಗಳಲ್ಲಿಯೂ ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ಬಾಣವೆಂದರೆ ಐದು ಎಂದು ಕಾಲವನ್ನು ಹೇಳುವ ಪದ್ಧತಿಯುಂಟಲ್ಲವೆ? ಅದನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ಎಡದಿಂದ ಬಲಕ್ಕೆ. ಪುಟ್ಟನಿಗೆ ಇದನ್ನು ಉತ್ಸಾಹದಿಂದ ವಿವರಿಸಿದೆ. ಅವನು ಪೂರ್ತಿ ಕೇಳಿ, “ಸರಿ ಮಾವ, ಆ ತಂತಿ ಹಿಡಿಯಿರಿ,” ಎಂದ.

ಮೊದಲ ದಿನ ಯಾವ ದೀಪವೂ ಹೊತ್ತಲಿಲ್ಲ. ತಾಮ್ರದ ಎಳೆಗೆ ಕಣ್ಣಿಗೆ ಕಾಣದ ವಾರ್ನಿಶಿನ ಕವಚವುಂಟು, ತುದಿಯನ್ನು ಕೆರೆಯದಿದ್ದರೆ ವಿದ್ಯುತ್ತು ಹರಿಯದು ಎಂದು ತಿಳಿಯುವಷ್ಟರಲ್ಲಿ ರಾತ್ರಿಯಾಗಿತ್ತು. ಎರಡನೆಯ ದಿನ ನಾನು ದೀಪವನ್ನು ರೆಕ್ಕೆಯ ತುದಿಯಲ್ಲಿಟ್ಟುಕೊಂಡೇ ಬೆಸುಗೆ ಹಾಕಲು ಹೋದೆ. ಸೀಸ-ತವರದ ಬೆಸುಗೆ ಕರಗುವುದು ೧೮೩ ಡಿಗ್ರಿಯಲ್ಲಿ. ಈ ಪ್ಲಾಸ್ಟಿಕ್ಕಾದರೋ ನೂರರ ಆಸುಪಾಸಿನಲ್ಲಿಯೇ ಮೆತ್ತಗಾಗುತ್ತದೆ. ರೆಕ್ಕೆಯ ತುದಿ ಬೆಣ್ಣೆಯಂತೆ ಬಾಗಿತು. ಪುಟ್ಟ ಏನೂ ಹೇಳಲಿಲ್ಲ. ಮರಳುಕಾಗದ ತಂದು ಎರಡು ಸಂಜೆ ಕುಳಿತು ಅದನ್ನು ತಿದ್ದಿದ. ಅಂದಿನಿಂದ ಬೆಸುಗೆ ಅವನ ಕೈಗೆ ಹೋಯಿತು. ಭೂತಗನ್ನಡಿ ಹಿಡಿಯುವುದು ನನ್ನ ಪಾಲಿಗೆ ಬಂತು.

ಮೂರನೆಯ ತಪ್ಪು ಎಲ್ಲಕ್ಕಿಂತ ಸ್ವಾರಸ್ಯವಾದುದು. ಒಳಗೆ ದೀಪಗಳನ್ನಿಟ್ಟು, ವಿಮಾನದ ಎರಡು ಹೋಳುಗಳನ್ನು ರಬ್ಬರ್ ಬಳೆಯಿಂದ ಬಿಗಿದು, ಕೋಣೆಯನ್ನು ಕತ್ತಲೆ ಮಾಡಿ ಸ್ವಿಚ್ಚು ಒತ್ತಿದೆವು. ಇಡೀ ವಿಮಾನ ಮೈಯೆಲ್ಲ ಬೆಳಗಿತು! ಬಿಳಿಯ ತೆಳು ಪ್ಲಾಸ್ಟಿಕ್ಕಿನ ಮೂಲಕ ಬೆಳಕು ಸೋರಿ, ಮೂಗಿನಿಂದ ಬಾಲದವರೆಗೆ ಅದೊಂದು ಗೂಡುದೀಪವಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು, “ಎಷ್ಟು ಚೆಂದ ಉಂಟು! ಅಪ್ಪ ಮಾಡುತ್ತಿದ್ದ ಹಾಗೆಯೇ,” ಎಂದರು. ನಿಜ. ನಾನು ಚಿಕ್ಕವನಿದ್ದಾಗ ಅಪ್ಪ ದೀಪಾವಳಿಗೆ ಬಿದಿರ ಕಡ್ಡಿ, ಬಣ್ಣದ ಕಾಗದಗಳಿಂದ ಗೂಡುದೀಪ ಕಟ್ಟುತ್ತಿದ್ದರು. ಒಂದು ವರ್ಷ ನಕ್ಷತ್ರ, ಒಂದು ವರ್ಷ ವಿಮಾನ. ನಾನು ಪುಸ್ತಕ ಹಿಡಿದು ದೂರ ಕುಳಿತು ನೋಡುತ್ತಿದ್ದೆ. ಒಂದು ಕಡ್ಡಿಯನ್ನೂ ಹಿಡಿದುಕೊಡಲಿಲ್ಲ. ಈಗ ಅವರಿಲ್ಲ.

“ಇದು ಗೂಡುದೀಪ ಅಲ್ಲ ಅಜ್ಜಿ, ವಿಮಾನ,” ಎಂದ ಪುಟ್ಟ. “ಎಲ್ಲ ಕಡೆ ಬೆಳಕಾದರೆ ಯಾವ ಕಡೆ ಹೋಗುತ್ತದೆ ಅಂತ ಗೊತ್ತಾಗುವುದಿಲ್ಲ.”

ಬಿಚ್ಚಿ ಒಳಮೈಗೆಲ್ಲ ಎರಡು ಸಲ ಕರಿಯ ಬಣ್ಣ ಬಳಿದೆವು. ದೀಪದ ಹಿಂಬದಿಗೂ ಕಪ್ಪು ತಾಗಿಸಿದೆವು. ಹಿಂದಿನಿಂದ ನೋಡಿದವನಿಗೆ ಕೆಂಪು ಹಸಿರು ಕಾಣಬಾರದಲ್ಲ. ನಾಲ್ಕು ದೀಪ ಹಚ್ಚುವುದಕ್ಕೆ ಒಂದು ಸೀಸೆ ಕತ್ತಲೆ ಬೇಕಾಯಿತು.

ಮಿನುಗುವ ದೀಪಕ್ಕೆ ಗುರುಗಳು ‘೫೫೫’ ಎಂಬ ಎಂಟು ಕಾಲಿನ ಕರಿಯ ಚಿಪ್ಪೊಂದನ್ನು ಕೊಟ್ಟಿದ್ದರು. ಹಾನ್ಸ್ ಕಾಮೆನ್ಜಿಂಡ್ ಎಂಬ ಸ್ವಿಸ್ ಮೂಲದ ತಂತ್ರಜ್ಞ ೧೯೭೧ರಲ್ಲಿ ರೂಪಿಸಿದ್ದು, ಇಂದಿಗೂ ಬಳಕೆಯಲ್ಲಿದೆ. ಅದರ ಪಕ್ಕದಲ್ಲಿರುವ ಕೆಪಾಸಿಟರ್ ಒಂದು ಪುಟ್ಟ ಕೊಡವೆಂದುಕೊಳ್ಳಿ. ವಿದ್ಯುತ್ತು ಅದರಲ್ಲಿ ತುಂಬುತ್ತದೆ. ಒಂದು ಮಟ್ಟಕ್ಕೆ ಬಂದೊಡನೆ ಚಿಪ್ಪು ತೂಬು ತೆರೆಯುತ್ತದೆ. ಬರಿದಾಗುತ್ತ ಬಂದರೆ ಮುಚ್ಚುತ್ತದೆ. ತುಂಬುವಾಗ ದೀಪ ಒಂದು ಸ್ಥಿತಿ, ಬರಿದಾಗುವಾಗ ಇನ್ನೊಂದು. ಪುಟ್ಟ ಗೋಡೆ ಗಡಿಯಾರದ ಮುಂದೆ ಕುಳಿತು ನಿಮಿಷಕ್ಕೆ ಅರುವತ್ತಕ್ಕೆ ಹೊಂದಿಸಿದ. ಬಾಲದ ಬಿಳಿಯ ದೀಪ ಕೊನೆಯದು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ೧೯೬೨ರಲ್ಲಿಯೇ ಬಂತು. ನೀಲಿ ಬರುವವರೆಗೆ ಬಿಳಿ ಸಾಧ್ಯವಾಗಲಿಲ್ಲ, ಆ ನೀಲಿಗಾಗಿ ಮೂವರು ವಿಜ್ಞಾನಿಗಳಿಗೆ ೨೦೧೪ರ ನೊಬೆಲ್ ಬಹುಮಾನ ಬಂತು. ಬಾಲದ ತುದಿ ಅತಿ ಸಣ್ಣದು. ಅಲ್ಲಿ ದೀಪ ಕೂರಿಸುವುದಕ್ಕೆ ಅವನಿಗೆ ಒಂದು ವಾರ ಹಿಡಿಯಿತು.

ಈ ನಡುವೆ ಪುಟ್ಟನಿಗೆ ಹೊಸ ಅಭ್ಯಾಸವೊಂದು ಅಂಟಿತು. ಮಳೆ ಹೊಳವಾದ ರಾತ್ರಿಗಳಲ್ಲಿ ಅಂಗಳಕ್ಕಿಳಿದು, ಆಕಾಶದಲ್ಲಿ ಸದ್ದಾದರೆ ಕತ್ತೆತ್ತಿ ಓದುವುದು: “ಕೆಂಪು. ಅಡ್ಡ ಹೋಗುತ್ತಾ ಉಂಟು.” “ಬಿಳಿ. ಹೋಯಿತು.” ಅಕ್ಕ ಒಳಗಿನಿಂದ ಕೇಳುತ್ತಿದ್ದಳು. ಒಂದು ರಾತ್ರಿ ಅವಳೂ ಅಂಗಳಕ್ಕೆ ಬಂದು ನಿಂತಳು. ನನಗೆ ಆಶ್ಚರ್ಯವಾಯಿತು. ಅದರ ಕಾರಣವನ್ನು ಹೇಳಬೇಕು.

ಇಲ್ಲಿಂದ ಸುಮಾರು ಅರುವತ್ತು ಕಿಲೋಮೀಟರು ದೂರದ ಬಜ್ಪೆಯ ವಿಮಾನ ನಿಲ್ದಾಣ ೧೯೫೧ರ ಡಿಸೆಂಬರಿನಲ್ಲಿ ತೆರೆದದ್ದು; ಅಲ್ಲಿಂದ ಕೊಲ್ಲಿಗೆ ನೇರ ವಿಮಾನಗಳು ಹಾರತೊಡಗಿದ್ದು ೨೦೦೬ರಲ್ಲಿ. ಮುಂಬಯಿ ಸುತ್ತಿ ಬರುವ ಶ್ರಮ ತಪ್ಪಿತೆಂದು ಮನೆಮನೆಯಲ್ಲೂ ಸಂತೋಷಪಟ್ಟರು. ೨೦೧೦ರ ಮೇ ೨೨ರ ಬೆಳಗಿನ ಜಾವ, ದುಬೈಯಿಂದ ಬಂದ ವಿಮಾನವೊಂದು ಗುಡ್ಡದ ಮೇಲಣ ಓಡುದಾರಿಯನ್ನು ದಾಟಿ ಕಮರಿಗುರುಳಿತು. ೧೬೬ ಮಂದಿಯಲ್ಲಿ ಉಳಿದವರು ಎಂಟು ಜನ. ಅಕ್ಕನ ಮದುವೆಯಾಗಿ ಆಗ ಮೂರು ತಿಂಗಳು. ಭಾವ ದುಬೈಯಲ್ಲಿದ್ದರು. ಆ ವಾರ ಬರುತ್ತೇನೆಂದಿದ್ದವರು ದಿನವನ್ನು ಹೇಳಿರಲಿಲ್ಲ. ತಟ್ಟನೆ ಬಂದು ನಿಲ್ಲುವ ಹಂಬಲ. ಟೆಲಿವಿಷನ್ನಿನ ಮುಂದೆ ಅಕ್ಕ ಎರಡು ಗಂಟೆ ನಿಂತೇ ಇದ್ದಳು. ಫೋನು ಬಾರಿಸಿದರೆ ಉತ್ತರವಿಲ್ಲ. ಕೊನೆಗೆ ಅವರೇ ಕರೆದರು. ರಾತ್ರಿ ಪಾಳಿ ಮುಗಿಸಿ ಮಲಗಿದ್ದರಂತೆ. ಅಕ್ಕ ಅಳಲಿಲ್ಲ, ಬೈಯಲಿಲ್ಲ. “ಊಟ ಆಯಿತಾ?” ಎಂದಷ್ಟೇ ಕೇಳಿದಳು. ಆದರೆ ಅಂದಿನಿಂದ ವಿಮಾನದ ಸದ್ದು ಕೇಳಿದರೆ ಕೈಯಲ್ಲಿರುವ ಕೆಲಸ ಒಂದು ಕ್ಷಣ ನಿಲ್ಲುತ್ತದೆ. ಕತ್ತೆತ್ತಿ ನೋಡುವುದಿಲ್ಲ. ಭಾವನನ್ನು ಕರೆತರಲು ಬಜ್ಪೆಗೆ ಹೋಗುವವನು ಪ್ರತಿ ಸಲವೂ ನಾನೇ.

ದೀಪಾವಳಿಗೆ ಹತ್ತು ದಿನವಿರುವಾಗ ಭಾವನ ಫೋನು ಬಂತು. ರಜೆ ಮುಂದಕ್ಕೆ ಹೋಗಿದೆ, ಬರುವುದು ಜನವರಿಗೆ. ಪುಟ್ಟ ಕೇಳಿಸಿಕೊಂಡು ತನ್ನ ಕೋಣೆಗೆ ಹೋದ. ಇನ್ನು ವಿಮಾನದ ಕೆಲಸ ನಿಂತಿತೆಂದುಕೊಂಡೆ. ಅರ್ಧ ಗಂಟೆಯ ಮೇಲೆ ಬಂದು, “ಮಾವ, ಹಬ್ಬದ ರಾತ್ರಿ ಫೋನಿನಲ್ಲಿ ತೋರಿಸಬಹುದಲ್ಲ?” ಎಂದ.

ಅಂಟು ಹಾಕಿ ಹೋಳುಗಳನ್ನು ಶಾಶ್ವತವಾಗಿ ಮುಚ್ಚಿದೆವು. ಬಣ್ಣವಾಯಿತು. ನರಕ ಚತುರ್ದಶಿಯ ಹಿಂದಿನ ಸಂಜೆ, ನೀರು ತುಂಬುವ ಹೊತ್ತು, ಅಕ್ಕ ಬಚ್ಚಲ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ನಾವು ಕೊನೆಯ ಪರೀಕ್ಷೆಗೆಂದು ಸ್ವಿಚ್ಚು ಒತ್ತಿದೆವು. ಕೆಂಪು ಹೊತ್ತಿತು, ಬಿಳಿ ಹೊತ್ತಿತು, ಬೆನ್ನಿನ ದೀಪ ಮಿನುಗಿತು. ಹಸಿರು ಹೊತ್ತಲಿಲ್ಲ. ಪೀಠವನ್ನು ಅಲುಗಿಸಿ ನೋಡಿದೆ, ಬ್ಯಾಟರಿ ಬದಲಿಸಿ ನೋಡಿದೆ. ರೆಕ್ಕೆಯ ಬುಡದಲ್ಲಿ ಎಲ್ಲಿಯೋ ಎಳೆ ತುಂಡಾಗಿತ್ತು. ನೋಡಬೇಕಾದರೆ ಅಂಟು ಹಾಕಿದ ರೆಕ್ಕೆಯನ್ನು ಕೊಯ್ಯಬೇಕು.

ನಾನು ಅಧ್ಯಾಪಕನ ಧಾಟಿಯಲ್ಲಿ ಸಮಾಧಾನ ಹೇಳತೊಡಗಿದೆ. ಒಂದು ದೀಪ ತಾನೆ. ಫೋನಿನ ತೆರೆಯಲ್ಲಿ ಯಾರಿಗೆ ತಿಳಿಯುತ್ತದೆ. ಉಳಿದುವೆಲ್ಲ ಎಷ್ಟು ಚೆನ್ನಾಗಿ ಉರಿಯುತ್ತಿವೆ.

ಪುಟ್ಟನ ಗಂಟಲು ಕಟ್ಟಿತ್ತು. “ಹಸಿರು ಇಲ್ಲದಿದ್ದರೆ ಅದು ಬರುವುದಿಲ್ಲ ಮಾವ. ಅಡ್ಡ ಹೋಗುತ್ತದೆ.”

ನಾನು ಸುಮ್ಮನಾದೆ. ಅಕ್ಕ ಹುಣಿಸೆಯ ಕೈಯಲ್ಲೇ ಬಾಗಿಲಿಗೆ ಬಂದು ನಿಂತಿದ್ದಳು. ಒಳಗೆ ಹೋಗಿ ಕೈ ತೊಳೆದು, ಹೊಲಿಗೆಯ ಪೆಟ್ಟಿಗೆಯಿಂದ ಹೊಸ ಬ್ಲೇಡು ತಂದು ಮೇಜಿನ ಮೇಲಿಟ್ಟಳು. “ಕೊಯ್ಯಿರಿ,” ಎಂದಳು. “ನಾನು ಟಾರ್ಚು ಹಿಡಿಯುತ್ತೇನೆ.”

ಕೊಯ್ದವನು ಪುಟ್ಟ. ರೆಕ್ಕೆಯನ್ನು ಅಲುಗದಂತೆ ಹಿಡಿದವನು ನಾನು. ತುಂಡಾದ ಎಳೆ ಸಿಕ್ಕಿತು. ತೀರ ಮಡಿಸಿದ್ದ ಜಾಗದಲ್ಲಿ ಕಡಿದಿತ್ತು. ಹೊಸ ಎಳೆ ಹಾಕಿ, ಈ ಸಲ ಸ್ವಲ್ಪ ಸಡಿಲು ಬಿಟ್ಟು, ಮತ್ತೆ ಅಂಟು ಹಾಕುವಾಗ ಹನ್ನೊಂದು ಗಂಟೆ. ರೆಕ್ಕೆಯ ಬುಡದಲ್ಲಿ ಗಾಯದ ಗುರುತು ಉಳಿಯಿತು. ಬಣ್ಣ ತಾಗಿಸಿದರೂ ಬೆರಳಿಗೆ ಸಿಗುತ್ತದೆ. ಬೆಳಗಿನ ಎಣ್ಣೆಸ್ನಾನಕ್ಕೆ ಮೂವರೂ ತೂಕಡಿಸುತ್ತ ಕುಳಿತಿದ್ದೆವು.

ಹಬ್ಬದ ರಾತ್ರಿ ಎಂಟು ಗಂಟೆಗೆ ಭಾವನ ಮುಖ ಫೋನಿನಲ್ಲಿ ಮೂಡಿತು. ಅಲ್ಲಿ ಇನ್ನೂ ಐದೂವರೆ. ಕೆಲಸದ ಉಡುಪಿನಲ್ಲೇ ಇದ್ದರು. ಮನೆಯ ದೀಪಗಳನ್ನೆಲ್ಲ ಆರಿಸಿದೆವು. ಪುಟ್ಟ ವಿಮಾನವನ್ನು ಪೀಠಸಮೇತ ಎತ್ತಿ ಫೋನಿಗೆ ಮುಖ ಮಾಡಿ ಹಿಡಿದು, ಕೋಣೆಯ ಆ ತುದಿಯಿಂದ ಮೆಲ್ಲಮೆಲ್ಲನೆ ಹತ್ತಿರಕ್ಕೆ ತಂದ.

“ಅಪ್ಪ, ಹೇಳಿ. ಯಾವ ಕಡೆ ಹೋಗುತ್ತಾ ಉಂಟು?”

ಭಾವ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವರಿಗೆ ಆ ಲೆಕ್ಕ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. “ಮನೆಗೆ ಬರುತ್ತಾ ಉಂಟು ಮಗಾ,” ಎಂದರು.

ಅಕ್ಕನ ಮುಖ ಕತ್ತಲೆಯಲ್ಲಿ ಕಾಣುತ್ತಿರಲಿಲ್ಲ. ಪುಟ್ಟ ಎಡದಿಂದ ತೋರಿಸಿದ, ಬಲದಿಂದ ತೋರಿಸಿದ, ಬೆನ್ನಿನ ಮಿನುಗುದೀಪ ತೋರಿಸಿದ. ಒಂದು ವಾರ ಹೆಣಗಿ ಕೂರಿಸಿದ ಬಾಲದ ಬಿಳಿಯ ದೀಪವನ್ನು ಮಾತ್ರ ತೋರಿಸಲೇ ಇಲ್ಲ. ನಾನು ನೆನಪಿಸಹೋದೆ, ಅಕ್ಕ ಕತ್ತಲೆಯಲ್ಲಿಯೇ ನನ್ನ ಕೈ ಒತ್ತಿದಳು.

ವಿಮಾನ ಈಗ ಪಡಸಾಲೆಯ ಕಿಟಕಿಯಲ್ಲಿದೆ. ಸಂಜೆ ದೇವರಿಗೆ ದೀಪವಿಟ್ಟ ಮೇಲೆ ಅದನ್ನೂ ಹೊತ್ತಿಸುವುದು ವಾಡಿಕೆಯಾಗಿದೆ. ಬ್ಯಾಟರಿಯ ಖರ್ಚು ಸೋದರಮಾವನದು. ನಿನ್ನೆ ರಾತ್ರಿ ಊಟಕ್ಕೆ ಕುಳಿತಿದ್ದಾಗ ಮೇಲೆ ಸದ್ದಾಯಿತು. ಪುಟ್ಟ ಎಂದಿನಂತೆ ಅಂಗಳಕ್ಕೆ ಓಡಿದ. ಬಡಿಸುತ್ತಿದ್ದ ಅಕ್ಕ ಸೌಟು ಹಿಡಿದ ಕೈಯನ್ನು ಒಂದು ಕ್ಷಣ ನಿಲ್ಲಿಸಿದಳು. ಮತ್ತೆ ಬಡಿಸುತ್ತ, ಬಾಗಿಲಿನ ಕಡೆಗೆ ತಿರುಗಿ ಕೂಗಿ ಕೇಳಿದಳು:

“ಪುಟ್ಟಾ, ಕೆಂಪು ಮಾತ್ರವಾ? ಹಸಿರೂ ಉಂಟಾ?”